ಮೆಮೊರಿ ಹೀಟ್‌ಸಿಂಕ್: ತಾಮ್ರವೋ ಅಲ್ಯೂಮಿನಿಯಮ್ಮೋ?

ಮಡಿಕೇರಿಯಿಂದ: ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡನ್ನು ಓವರ್‌ಕ್ಲಾಕ್ ಮಾಡಲು (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸಲು) ಅದರ ಮೆಮೊರಿ ಚಿಪ್‌ಗಳಿಗೆ ತಾಮ್ರದ ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ಲೋಹದ ತುಂಡುಗಳನ್ನು, ಟೇಪಿನಿಂದ ಅಂಟಿಸಿದ್ದೆ. ಮೊನ್ನೆ ರಾತ್ರಿ ಜೋರು ಮಳೆ, ಅದರ ನಡುವೆ ಟಣ್ ಅಂತ ಸದ್ದು. ಒಂದು ತುಂಡು ಕಂಪ್ಯೂಟರ್ ಕೇಸಿನ ತಳಕ್ಕೆ ಬಿದ್ದಿತ್ತು. ಟೇಪಿನ ಒಂದು ಮೂಲೆ ಮಾತ್ರ ಅಂಟಿದ್ದ ಗುರುತಿದೆ. ಅಲ್ಯೂಮಿನಿಯಂ ತಗೊಳ್ಳಲಾ?

ಗೋಣಿಕೊಪ್ಪಲಿನಿಂದ: ತಗೊಳ್ಳಿ ಅಣ್ಣ. ತಾಮ್ರ ಬಿಸಿಯನ್ನು ಚೆನ್ನಾಗಿ ಎಳೆಯುತ್ತದೆ, ನಿಜ. ಆದರೆ ಅದೇ ಗಾತ್ರಕ್ಕೆ 3 ಪಟ್ಟಿಗೂ ಜಾಸ್ತಿ ತೂಕ. ಟವರ್ ಕೇಸಿನಲ್ಲಿ ಚಿಪ್‌ಗಳು ಕೆಳಮುಖ, ಭಾರವೆಲ್ಲ ಟೇಪಿನ ಮೇಲೇ ಅಲ್ವಾ? ಫ್ಯಾನ್ ಗಾಳಿ ನೇರ ತಾಗಿದರೆ ಹಗುರದ್ದೇ ಸಾಕು. ಚಿಪ್ 14×12 ಮಿ.ಮೀ. ಇರುತ್ತದೆ, ಅದಕ್ಕಿಂತ ಅಗಲದ್ದು ಬೇಡ.

ಸೋಮವಾರಪೇಟೆಯಿಂದ: ಅಂಟಿಸುವ ಮೊದಲು ಚಿಪ್ಪನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಎಪಾಕ್ಸಿ ಅಂಟು ಮಾತ್ರ ಬೇಡ, ಕೀಳುವಾಗ ಚಿಪ್ಪೇ ಕಿತ್ತು ಬರಬಹುದು.

ಮಡಿಕೇರಿಯಿಂದ: ನಾನು ಒರೆಸಿರಲಿಲ್ಲ. ಚಿಪ್ ಮೇಲಿದ್ದ ಹಳೇ ಥರ್ಮಲ್ ಪ್ಯಾಡಿನ (ಬಿಸಿ ದಾಟಿಸುವ ಮೆತ್ತನೆ ಹಾಳೆಯ) ಎಣ್ಣೆ ಇನ್ನೂ ಬೆರಳಿಗೆ ಹತ್ತುತ್ತಿದೆ.