ತಲೆಗೆ ಪೆಟ್ಟು ಮತ್ತು ಹೃದಯಸ್ತಂಭನ: ಅಂಕ ಒಂದೇ ಇದ್ದರೂ ತೊಂದರೆ ಬೇರೆ ಏಕೆ?

ಪ್ರಶ್ನೆ:
ಒಂದೇ ವರ್ಷದಲ್ಲಿ ನಮ್ಮ ಮನೆಯ ಇಬ್ಬರ ಮಿದುಳಿಗೆ ಹಾನಿಯಾಯಿತು. ತಮ್ಮನಿಗೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿತ್ತು. ಚಿಕ್ಕಪ್ಪನಿಗೆ ಹೃದಯಸ್ತಂಭನವಾಗಿ ಕೆಲವು ನಿಮಿಷ ಮಿದುಳಿಗೆ ರಕ್ತ ಹರಿಯಲಿಲ್ಲ. ಆರು ತಿಂಗಳ ನಂತರ ನೆನಪು, ಗಮನ ಮುಂತಾದವನ್ನು ಅಳೆಯುವ 30 ಅಂಕಗಳ ಪರೀಕ್ಷೆಯಲ್ಲಿ ಇಬ್ಬರಿಗೂ 22 ಬಂದಿದೆ. ಆದರೆ ಚಿಕ್ಕಪ್ಪ ಮಾತ್ರೆ ನುಂಗಿದ ಹತ್ತು ನಿಮಿಷಕ್ಕೆ ಮತ್ತೆ ಮಾತ್ರೆ ಕೇಳುತ್ತಾರೆ. ತಮ್ಮನಿಗೆ ಮಾತ್ರೆಯ ಹೊತ್ತು ನೆನಪಿದೆ, ಮಾತ್ರೆ ಎದುರಿಗೇ ಇದೆ, ಆದರೂ ಯಾರಾದರೂ ಹೇಳುವ ತನಕ ಕೈ ಚಾಚುವುದಿಲ್ಲ. ಇವರಿಬ್ಬರ ಚೇತರಿಕೆಯನ್ನು ಹೋಲಿಸುವುದು ಸರಿಯೇ?

ಉತ್ತರ (ನರಮನೋವಿಜ್ಞಾನದಲ್ಲಿ ಕೆಲಸ ಮಾಡುವವರು):
ಹೋಲಿಸಬಹುದು, ಆದರೆ ಒಟ್ಟು ಅಂಕವನ್ನು ಹಿಡಿದು ಅಲ್ಲ. ಆ ಎಂಟು ಅಂಕಗಳು ಎಲ್ಲಿ ಹೋದವು ಎಂಬುದನ್ನು ನೋಡಬೇಕು. ತಲೆ ರಭಸದಿಂದ ಅಲುಗಿದಾಗ ಮಿದುಳಿನ ಮುಂಭಾಗವೂ ಕಿವಿಯ ಬದಿಯ ಭಾಗಗಳ ಮುಂತುದಿಗಳೂ ಬುರುಡೆಯ ಒಳಗಿನ ಏಣುಗಳಿಗೆ ಬಡಿದು ಜಜ್ಜುತ್ತವೆ, ದೂರದ ಭಾಗಗಳನ್ನು ಜೋಡಿಸುವ ನರತಂತುಗಳು ಎಳೆತಕ್ಕೆ ಸಿಕ್ಕಿ ಹರಿಯುತ್ತವೆ. ಆದ್ದರಿಂದ ಗಮನ, ಯೋಚನೆಯ ವೇಗ, ಕೆಲಸವನ್ನು ತಾನಾಗಿ ಆರಂಭಿಸುವ ಶಕ್ತಿ ಮೊದಲು ಕುಂದುತ್ತವೆ. ತಮ್ಮನವರದು ಸೋಮಾರಿತನವಲ್ಲ, ದಯವಿಟ್ಟು ಮನೆಯವರೆಲ್ಲರಿಗೂ ಇದನ್ನು ತಿಳಿಸಿ.

ಚಿಕ್ಕಪ್ಪನವರ ವಿಷಯ ಬೇರೆ. ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮಿದುಳು ದೇಹದ ಆಮ್ಲಜನಕದ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ಪೂರೈಕೆ ನಿಂತಾಗ ಬೇಗ ಸಾಯುವ ಕೋಶಗಳಲ್ಲಿ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್‌ನ ಕೋಶಗಳು ಸೇರಿವೆ. 1986ರಲ್ಲಿ ಪ್ರಕಟವಾದ ಪ್ರಕರಣವೊಂದರಲ್ಲಿ, ರಕ್ತದ ಕೊರತೆಯ ನಂತರ ಹೊಸದೇನನ್ನೂ ನೆನಪಿಡಲಾಗದಿದ್ದ ರೋಗಿಯ ಮಿದುಳನ್ನು ಮರಣಾನಂತರ ನೋಡಿದಾಗ, ಮುಖ್ಯ ಹಾನಿ ಹಿಪೊಕ್ಯಾಂಪಸ್‌ನ ಸಿಎ1 ಎಂಬ ಕಿರಿದಾದ ಪಟ್ಟಿಯಲ್ಲೇ ಕಂಡಿತು.

ಉತ್ತರ (ಆರೈಕೆ ಮಾಡುವವರು):
ನನ್ನ ತಾಯಿಗೆ ಮಿದುಳಿನ ಬಲಭಾಗದಲ್ಲಿ ಪಾರ್ಶ್ವವಾಯು ಆಗಿತ್ತು. ಅವರ ನೆನಪು ಚೆನ್ನಾಗಿದೆ, ಮಾತೂ ಸರಿಯಿದೆ. ಆದರೆ ಪತ್ರಿಕೆಯ ಪುಟದ ಎಡಭಾಗ ಅವರ ಪಾಲಿಗೆ ಇಲ್ಲವೇ ಇಲ್ಲ, ಸಾಲಿನ ನಡುವಿನಿಂದಲೇ ಓದಲು ತೊಡಗುತ್ತಾರೆ. ಹಾನಿಗೊಂಡ ರಕ್ತನಾಳ ಯಾವುದು ಎಂಬುದರ ಮೇಲೆ ಪಾರ್ಶ್ವವಾಯುವಿನ ಪರಿಣಾಮ ನಿಂತಿದೆ ಎಂದು ವೈದ್ಯರು ವಿವರಿಸಿದರು.

ಪ್ರಶ್ನೆ ಕೇಳಿದವರು:
ಹಾಗಾದರೆ ಇಬ್ಬರಿಗೂ ಒಂದೇ ಅಭ್ಯಾಸ ಮಾಡಿಸುತ್ತಿರುವುದು ವ್ಯರ್ಥವೇ?

ಉತ್ತರ (ನರಮನೋವಿಜ್ಞಾನದಲ್ಲಿ ಕೆಲಸ ಮಾಡುವವರು):
ಬೇರೆ ಮಾಡಿಸಿ. ತಮ್ಮನವರಿಗೆ ಆರಂಭಿಸುವ ಸೂಚನೆ ಬೇಕು, ಫೋನಿನ ಅಲಾರಂ ಸಾಕಾಗಬಹುದು. ಚಿಕ್ಕಪ್ಪನವರಿಗೆ ಅಲಾರಂ ಮಾತ್ರ ಸಾಲದು, ನುಂಗಿದ್ದಕ್ಕೆ ಕಣ್ಣೆದುರು ಗುರುತಿರಬೇಕು. ದಿನಕ್ಕೊಂದು ಖಾನೆಯ ಡಬ್ಬಿ ಇಟ್ಟರೆ ಖಾಲಿ ಖಾನೆಯೇ ಅದನ್ನು ತೋರಿಸುತ್ತದೆ. ಡಬ್ಬಿ ನೋಡುವುದನ್ನು ಕಲಿಸುವಾಗ ಊಹಿಸಲು ಬಿಡಬೇಡಿ, ಸರಿಯುತ್ತರವನ್ನು ನೀವೇ ಮೊದಲು ಹೇಳಿ. ತಪ್ಪಾಗಿ ಹೇಳಿದ್ದೇ ಅವರಲ್ಲಿ ಬೇರೂರುವ ಸಾಧ್ಯತೆ ಹೆಚ್ಚು.