ಸರ್ವರ್‌ನಿಂದ ಕಾಪಿ 11 ಎಂಬಿಗೇ ನಿಂತುಬಿಡುತ್ತೆ

ಪ್ರಶ್ನೆ: ಗಿಗಾಬಿಟ್ ಸ್ವಿಚ್, ಸರ್ವರ್‌ನಲ್ಲಿ ಎಸ್‌ಎಸ್‌ಡಿ. ಉಳಿದ ಪಿಸಿಗಳಲ್ಲಿ ಸೆಕೆಂಡಿಗೆ 110 ಎಂಬಿ, ಒಂದರಲ್ಲಿ ಮಾತ್ರ 11. ಎಲ್ಲಿ ನೋಡಲಿ?

ಉತ್ತರ 1: 11 ಅಂದ್ರೆ ಲಿಂಕ್ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್ ಸೇರಿ 1 ಬೈಟ್) ಇಳಿದಿದೆ, ಡಿಸ್ಕನ್ನು ಬೈಬೇಡಿ. ಗಿಗಾಬಿಟ್‌ಗೆ ಕೇಬಲ್‌ನ 4 ಜೋಡಿಯೂ ಬೇಕು, 100ಕ್ಕೆ 2 ಸಾಕು. ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕಟ್ಟಾದರೂ ಹೀಗಾಗುತ್ತೆ. ಮೊದಲು ಪ್ಯಾಚ್ ಕಾರ್ಡ್ (ಪಿಸಿಯಿಂದ ಗೋಡೆಯ ಸಾಕೆಟ್‌ಗೆ ಹೋಗುವ ಚಿಕ್ಕ ಕೇಬಲ್) ಬದಲಿಸಿ, ಆಮೇಲೆ ಗೋಡೆಯ ಸಾಕೆಟ್ ಬಿಚ್ಚಿ.

ಉತ್ತರ 2: ಪಿಸಿಯ ನೆಟ್‌ವರ್ಕ್ ಅಡಾಪ್ಟರ್ ಸ್ಪೀಡ್ ಆಟೋದಲ್ಲೇ ಇರಲಿ. ಯಾರೋ 100 ಫುಲ್ ಅಂತ ಕಟ್ಟಿಹಾಕಿದ್ದರೆ ಸ್ವಿಚ್ ಹಾಫ್ ಡುಪ್ಲೆಕ್ಸ್‌ಗೆ (ಒಂದು ಸಲಕ್ಕೆ ಒಂದೇ ದಿಕ್ಕಿನ ಸಂಚಾರ) ಬೀಳುತ್ತೆ, ಇನ್ನೂ ನಿಧಾನ.

ಕೇಳಿದವರು: ಪ್ಯಾಚ್ ಕಾರ್ಡೇ ಹಾಳಾಗಿತ್ತು, ಈಗ 1.0 ಜಿಬಿಪಿಎಸ್. ಆದರೆ ಸಾವಿರಾರು ಸಣ್ಣ ಫೈಲ್‌ಗಳ ಫೋಲ್ಡರ್ ಇನ್ನೂ ತೆವಳುತ್ತಿದೆ.

ಉತ್ತರ 1: ಅದು ಬೇರೆ ರೋಗ. ಪ್ರತಿ ಫೈಲ್‌ಗೂ ತೆರೆಯುವ, ಮುಚ್ಚುವ ಮಾತುಕತೆ ನಡೆಯಬೇಕಲ್ಲ. ವಿಂಡೋಸ್‌ನ ಕಾಪಿ ಕಮಾಂಡ್ ರೋಬೊಕಾಪಿಗೆ /MT:16 (ಒಟ್ಟಿಗೆ 16 ಥ್ರೆಡ್‌ನಲ್ಲಿ ಕಾಪಿ) ಕೊಡಿ, ಇಲ್ಲ ಜಿಪ್ ಮಾಡಿ ಕಳಿಸಿ.