ಮೇರೀಸ್ ನದಿ, ಆಗ್ಡನ್ ನದಿ, ಹಂಬೋಲ್ಟ್ ನದಿ: ಎಲ್ಲ ಒಂದೇನಾ?

ಪ್ರಶ್ನೆ:
ನಮಸ್ಕಾರ. ನಾವಿರುವುದು ನೆವಾಡಾದ ರೀನೋದಲ್ಲಿ. 1840ರ ದಶಕದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದವರ ದಿನಚರಿಗಳನ್ನು ಓದುತ್ತಿದ್ದೇನೆ. ಒಬ್ಬರು ಮೇರೀಸ್ ನದಿ ಎನ್ನುತ್ತಾರೆ, ಇನ್ನೊಬ್ಬರು ಆಗ್ಡನ್ ನದಿ ಎನ್ನುತ್ತಾರೆ. ನಕ್ಷೆ ಹರಡಿಕೊಂಡು ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಲು ಹೊರಟೆ. ಈಗಿನ ನಕ್ಷೆಯಲ್ಲಿ ಮೇರೀಸ್ ಅಂದರೆ ಎಲ್ಕೋ ಕಡೆಯ ಸಣ್ಣ ಹೊಳೆ. ಅದರ ದಂಡೆಯಲ್ಲಿ ವಾರಗಟ್ಟಲೆ ನಡೆಯೋಕೆ ಆಗಲ್ಲ ಅಲ್ವಾ? ನಾನೇ ತಪ್ಪು ಓದುತ್ತಿದ್ದೇನಾ?

ಉತ್ತರ 1:
ತಪ್ಪಿಲ್ಲ. ಅವರು ಹೇಳುವುದು ಹಂಬೋಲ್ಟ್ ನದಿಯನ್ನೇ. ನಿಮ್ಮ ಸಣ್ಣ ಹೊಳೆ ಅದರ ಉಪನದಿ, ಹಳೆಯ ಹೆಸರು ಅಲ್ಲಿ ಮಾತ್ರ ಉಳಿದಿದೆ.
ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಪೀಟರ್ ಸ್ಕೀನ್ ಆಗ್ಡನ್, ತುಪ್ಪಳಕ್ಕಾಗಿ ಬೀವರ್ ಎಂಬ ನೀರಿನ ಪ್ರಾಣಿಯ ಬೇಟೆಗೆ ಬಂದು 1828ರ ನವೆಂಬರ್‌ನಲ್ಲಿ ಈ ನದಿಯನ್ನು ಕಂಡ. ಗೊತ್ತಿಲ್ಲದ ನದಿ, ಹಾಗಾಗಿ 'ಅನ್‌ನೋನ್ ರಿವರ್' ಎಂದೇ ಕರೆದ. 1833ರಲ್ಲಿ ಜೋಸೆಫ್ ವಾಕರ್ ತಂಡದ ಜೊತೆ ಬಂದ ಜೀನಾಸ್ ಲಿಯೊನಾರ್ಡ್‌ಗೆ ಅದು 'ಬ್ಯಾರನ್ ರಿವರ್', ಬರಡು ನದಿ. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನ ಹೆಸರನ್ನು ನದಿಗೆ ಕೊಟ್ಟವನು ಅನ್ವೇಷಕ ಜಾನ್ ಫ್ರೀಮಾಂಟ್, 1845ರಲ್ಲಿ. ಆ ವಿಜ್ಞಾನಿ ಈ ನದಿಯನ್ನು ನೋಡಿಯೇ ಇರಲಿಲ್ಲ. ಅದೇ ವರ್ಷ ನದಿಗುಂಟ ಹೋದ, ಫ್ರೀಮಾಂಟ್ ತಂಡದ ಎಡ್ವರ್ಡ್ ಕರ್ನ್‌ನ ದಿನಚರಿ ಮುಂದೆ ಅಚ್ಚಾದಾಗ ತಲೆಬರಹದಲ್ಲೇ 'ಮೇರೀಸ್ ಅಥವಾ ಹಂಬೋಲ್ಟ್' ಎಂದು ಎರಡೂ ಹೆಸರಿವೆ.
ಇವೆಲ್ಲ ದಾರಿಹೋಕರು ಇಟ್ಟ ಹೆಸರುಗಳು ಅನ್ನೋದನ್ನು ಮರೆಯಬೇಡಿ. ಮೂಲನಿವಾಸಿಗಳಾದ ಶೋಶೋನಿ ಮತ್ತು ಪೈಯೂಟ್ ಜನ ಅದಕ್ಕೂ ಎಷ್ಟೋ ಮೊದಲಿನಿಂದ ಅಲ್ಲಿ ಬದುಕುತ್ತಿದ್ದರು.

ಉತ್ತರ 2:
ನಾನು ಇದೇ ನದಿಯ ದಂಡೆಯ ಊರಾದ ವಿನ್ನಮಕ್ಕದಲ್ಲಿ ಎರಡು ವರ್ಷ ಕೆಲಸದ ಮೇಲೆ ಇದ್ದೆ. ಒಂದು ಮಾತು ಸೇರಿಸುತ್ತೇನೆ. ಹೆಸರು ನೋಡಬೇಡಿ, ನೀರು ಹೇಗಿತ್ತು ಎಂದು ಬರೆದಿದ್ದಾರೆ, ಅದನ್ನು ನೋಡಿ.
ಮೇಲ್ಭಾಗಕ್ಕೆ ರೂಬಿ ಬೆಟ್ಟಗಳ ಹಿಮ ಕರಗಿ ಬರುತ್ತದೆ. ಅಲ್ಲಿ ಹುಲ್ಲಿದೆ, ವಿಲೋ ಗಿಡಗಳಿವೆ. ಕೆಳಗೆ ಬಂದಂತೆ ಬಿಸಿಲಿಗೆ ನೀರು ಆರುತ್ತದೆ, ಉಪ್ಪು, ಕ್ಷಾರ ಉಳಿಯುತ್ತದೆ. ಆಗಸ್ಟ್‌ನಲ್ಲಿ ನದಿಯ ಕೆಳಭಾಗದ ಊರು ಲವ್‌ಲಾಕ್ ಹತ್ತಿರ ದಂಡೆಗೆ ಇಳಿದಿದ್ದೆ. ಮಣ್ಣಿನ ಮೇಲೆ ಹಪ್ಪಳದ ಹಾಗೆ ಬಿಳಿ ಪದರ. ಕಾಲಿಟ್ಟರೆ ಕಟಕ್ ಅಂತ ಮುರಿದು, ಅಡಿಯ ಕೆಸರು ಬೂಟಿಗೆ ಮೆತ್ತಿಕೊಂಡಿತು. ಇಂಥ ನೀರನ್ನೇ ಎತ್ತುಗಳಿಗೂ ಕುಡಿಸಬೇಕಿತ್ತಲ್ಲ ಅಂತ ಹೊಟ್ಟೆ ಹಿಂಡಿದಂತಾಯಿತು.
ನದಿ ಸಮುದ್ರ ಸೇರುವುದಿಲ್ಲ. ಲವ್‌ಲಾಕ್‌ನ ಆಚೆ ಹಂಬೋಲ್ಟ್ ಸಿಂಕ್ ಎಂಬ ತಗ್ಗಿನಲ್ಲಿ ಇಂಗಿ, ಆರಿ ಹೋಗುತ್ತದೆ. ಅಲ್ಲಿಂದ ಮುಂದೆ 40 ಮೈಲಿ ಕುಡಿಯುವ ನೀರಿಲ್ಲದ ಮರುಭೂಮಿ. ಅದಕ್ಕೇ ಲವ್‌ಲಾಕ್‌ನ ಹುಲ್ಲುಗಾವಲಿನಲ್ಲಿ ನಿಂತು ಹುಲ್ಲು ಕೊಯ್ದು ಗಾಡಿಗೆ ತುಂಬುತ್ತಿದ್ದರು. ನಿಮ್ಮ ದಿನಚರಿಗಳಲ್ಲಿ ಈ ಹುಲ್ಲು ಕೊಯ್ಯುವ ದಿನ ಹುಡುಕಿ. ನದಿ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಈಗಷ್ಟೇ ತಿರುವಿ ನೋಡಿದೆ. ಎರಡು ದಿನಚರಿಯಲ್ಲೂ ಹುಲ್ಲು ಕೊಯ್ದ ದಿನ ಇದೆ, ಒಂದರಲ್ಲಿ ಮೇರೀಸ್, ಇನ್ನೊಂದರಲ್ಲಿ ಆಗ್ಡನ್. ಕೆಂಪು ಗೆರೆ ಅಳಿಸಿ ನೀಲಿ ಎಳೆಯುತ್ತಿದ್ದೇನೆ.